ಮುತ್ತು ಮತ್ತು ಮಾತು

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಯನ್ನು ನಾಲಗೆಯ ಮೇಲೆ ಹಿಡಿತವಿರಬೇಕೆಂಬ ಬುದ್ಧಿವಾದವಾಗಿ ಹೇಳುವುದು ವಾಡಿಕೆ. ಆದರೆ ಗಾದೆಯಲ್ಲಿ ‘ಆಡಬೇಡ’ ಎಂಬ ನಿಷೇಧವಿಲ್ಲ. ಆಡಿದ ಮಾತು ಮರಳಿ ಬಾರದೆಂದು ಎಚ್ಚರಿಸುವ ಜೊತೆಗೆ, ಅದನ್ನು ಮುತ್ತಿಗೆ ಹೋಲಿಸಿ, ಮುತ್ತು ಯಾರ ಕೈಯಲ್ಲಿದೆಯೋ ಅವರೇ ಅದರ ಒಡೆಯರೆಂಬುದನ್ನೂ ಅದು ಸೂಚಿಸುತ್ತದೆ.

ಒಂದಕ್ಕಿಂತ ಹೆಚ್ಚು ಲಿಂಗದವರತ್ತ ಒಲವು ಮೂಡುವ ಸ್ವಭಾವಕ್ಕೆ ದ್ವಿಲಿಂಗಾಸಕ್ತಿ ಎಂದು ಹೆಸರು. ಆ ಒಲವು ಎಲ್ಲರತ್ತಲೂ ಸಮನಾಗಿಯೇ ಇರಬೇಕೆಂದಿಲ್ಲ, ಅದು ಚಂಚಲತೆಯೂ ಅಲ್ಲ. ಇಂಥ ಸ್ವಭಾವದವರು ಅದನ್ನು ಮನೆಯಲ್ಲಿ ಹೇಳಬೇಕೇ, ಬೇಡವೇ ಎಂದು ತೂಗಿ ನೋಡುವಾಗ ಗಾದೆಯ ಭಾರ ಅನುಭವಕ್ಕೆ ಬರುತ್ತದೆ. ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆ ಹಿಡಿದು ತಲೆ ತಗ್ಗಿಸಿ ಕುಳಿತ ಹುಡುಗನ ಮೌನವನ್ನು ಹಿರಿಯರು ಒಪ್ಪಿಗೆಯೆಂದೇ ತಿಳಿಯುತ್ತಾರೆ. ಬಾಯಿಬಿಟ್ಟು ಹೇಳಿದರೆ, ‘ಹುಡುಗಿಯರೂ ಇಷ್ಟ ತಾನೇ, ಮದುವೆಯಾದರೆ ಎಲ್ಲ ಸರಿಹೋಗುತ್ತದೆ’ ಎನ್ನುತ್ತಾರೆ. ಸರಿಹೋಗಲು ಅಲ್ಲಿ ಕೆಟ್ಟಿರುವುದೇನೂ ಇಲ್ಲವೆಂಬುದು ಮಾತ್ರ ಅವರ ಗಮನಕ್ಕೆ ಬರುವುದಿಲ್ಲ.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿ, ಲೈಂಗಿಕ ಒಲವೂ ಅದರೊಳಗೆ ಸೇರುತ್ತದೆಂದು ಹೇಳಿತು. ಅದೇ ಕೋರ್ಟಿನ 2018ರ ಸೆಪ್ಟೆಂಬರ್ 6ರ ತೀರ್ಪು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವನ್ನು ಆಗಿನ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಹಿಡಿತದಿಂದ ಬಿಡಿಸಿತು. ಮುತ್ತು ಅದನ್ನು ಹಿಡಿದವರದೇ ಎಂಬ ಗಾದೆಯ ಸೂಚನೆಗೆ ಹೀಗೆ ಕಾನೂನಿನ ಬೆಂಬಲವೂ ದೊರೆತಿದೆ. ಆದಕಾರಣ, ಕಾಲೇಜಿನ ಶುಲ್ಕಕ್ಕೂ ತಲೆಯ ಮೇಲಿನ ಸೂರಿಗೂ ಮನೆಯವರನ್ನೇ ನೆಚ್ಚಿರುವವರು ಸ್ವಂತ ಕಾಲ ಮೇಲೆ ನಿಲ್ಲುವವರೆಗೆ ಕಾದರೆ ಅದು ವಂಚನೆಯಲ್ಲ, ವಿವೇಕ. ಬಾಳಸಂಗಾತಿಯಾಗಲಿರುವವರಿಗೆ ಮದುವೆಗೆ ಮುನ್ನವೇ ತಿಳಿಸಿದರೆ ಅದು ತಪ್ಪೊಪ್ಪಿಗೆಯಲ್ಲ, ತನ್ನನ್ನು ಅರಿತು ಒಲಿಯುವ ಅವಕಾಶವನ್ನು ಅವರಿಗೂ ಕೊಡುವ ಪ್ರಾಮಾಣಿಕತೆ.

ಈ ಗಾದೆಯನ್ನು ಸದಾ ಹೇಳುವವರಿಗೇ ಅನ್ವಯಿಸಲಾಗಿದೆ. ಅದು ಕೇಳುವವರಿಗೂ ಸಲ್ಲುತ್ತದೆ. ನಂಬಿ ಅಕ್ಕನೊಬ್ಬಳಿಗೇ ಹೇಳಿದ ಮಾತು ಅವಳಿಂದ ಚಿಕ್ಕಮ್ಮನಿಗೆ, ಚಿಕ್ಕಮ್ಮನಿಂದ ಬಂಧುಗಳ ವಾಟ್ಸಾಪ್ ಗುಂಪಿಗೆ ಹರಿದಾಗ, ಮುತ್ತು ಒಡೆದದ್ದು ಕೊಟ್ಟವರ ಕೈಯಲ್ಲಲ್ಲ, ಪಡೆದವರ ಕೈಯಲ್ಲಿ. ಹೇಳುವ ನಿರ್ಧಾರ ಒಬ್ಬರದಾದರೂ, ಹೇಳಿದ್ದನ್ನು ಒಡೆಯದಂತೆ ಕಾಯುವ ಹೊಣೆ ಕೇಳಿದವರದು.