ಬುದ್ಧ ಯಾರಿಗೆ ಬೇಕು?

ನಮ್ಮ ಕಾರವಾರ, ಅಂಕೋಲಾ ಕಡೆ ಬೌದ್ಧರು ಅಂದ್ರೆ ಮುಂಡಗೋಡಿನವರು. ಅದೇ ಜಿಲ್ಲೆ, ಘಟ್ಟ ಹತ್ತಿದರೆ ಸಿಗುವ ಟಿಬೆಟನ್ ಕಾಲೊನಿ. 1966ರಿಂದ ಇರುವ ಆ ನಿರಾಶ್ರಿತರಿಗೆ ಬುದ್ಧ ಹುಟ್ಟಿನಿಂದಲೇ ಬಂದವನು. ಸೆಳೆತದ ಪ್ರಶ್ನೆ ಏನಿದ್ದರೂ ಹೊರಗಿನಿಂದ ಹೋಗುವವರದ್ದು.

ಬೆಂಗಳೂರಿನ ನನ್ನ ಟೀಮಿನಲ್ಲೇ ಮೂವರು 10 ದಿನದ ವಿಪಸ್ಸನಕ್ಕೆ ಹೋಗಿಬಂದಿದ್ದಾರೆ. ಮೊಬೈಲಿಲ್ಲ, ಮಾತಿಲ್ಲ, ಶುಲ್ಕವೂ ಇಲ್ಲ. (ಮ್ಯಾನೇಜರ್ ಹೋದರೆ ಇಡೀ ಟೀಮಿಗೆ ನಿರ್ವಾಣ!) ‘ನಾನು’ ಅನ್ನೋದು ಕರಗಬೇಕಂತೆ.

ಆದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅಂಬೇಡ್ಕರ್ ಜೊತೆ ದೀಕ್ಷೆ ಪಡೆದ ಲಕ್ಷಾಂತರ ಜನ ‘ನಾನು’ ಕರಗಿಸೋಕೆ ಹೋದವರಲ್ಲ. ಕೆರೆಯ ನೀರು ಮುಟ್ಟಬೇಡ ಅನ್ನಿಸಿಕೊಂಡವರು, ‘ನಾನೂ ಮನುಷ್ಯ’ ಅನ್ನಲು ಹೋದರು. ಅವರು ತೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನ ಎಂಬುದೂ ಒಂದು.

ಯಾರ ಮನೆಯಲ್ಲೂ ಹೊರಗೆ ಕೂರಬೇಕಾಗಿ ಬರದ ನನಗೆ ಬುದ್ಧ ಒಂದು ನೆಮ್ಮದಿಯ ಆಯ್ಕೆ. ಅದು ತಪ್ಪೇನಲ್ಲ, ಅವನೂ ಅರಮನೆಯಿಂದಲೇ ಎದ್ದು ಬಂದವ. ಆದರೆ ಬಾಡಿಗೆ ಮನೆ ಕೇಳಲು ಹೋದಾಗ ಇವತ್ತಿಗೂ ‘ನೀವು ಯಾವ ಜನ?’ ಅನ್ನಿಸಿಕೊಳ್ಳುವ ಗೆಳೆಯನಿಗೆ, ‘ಅಹಂ ಬಿಡು ಮಾರಾಯ’ ಅನ್ನೋಕೆ ನನಗೆ ಬಾಯಿ ಬರೋದಿಲ್ಲ.