ಕಾಯಿಲೆಗೆ ಹೆಸರಿಡುವ ಹೊಣೆ

ಒಬ್ಬ ವ್ಯಕ್ತಿಗೆ ಸಕ್ಕರೆ ಕಾಯಿಲೆ ಇದೆಯೆಂದು ವೈದ್ಯರು ಹೇಳಿದರೆ ಅವನ ಮಾತಿನ ಬೆಲೆ ಕಡಿಮೆಯಾಗುವುದಿಲ್ಲ. ಅವನು ಅಂಗಡಿ ನಡೆಸಬಹುದು, ಪಂಚಾಯತಿಯಲ್ಲಿ ಸಾಕ್ಷಿ ಹೇಳಬಹುದು, ಮಗಳ ಮದುವೆಯ ಮಾತುಕತೆಯಲ್ಲಿ ಮುಂದಿನ ಸಾಲಿನಲ್ಲಿ ಕೂರಬಹುದು. ಅದೇ ವ್ಯಕ್ತಿಗೆ ಮಾನಸಿಕ ಕಾಯಿಲೆ ಇದೆಯೆಂದು ತಿಳಿದರೆ ಮರುದಿನದಿಂದಲೇ ಲೆಕ್ಕ ಬದಲಾಗುತ್ತದೆ. ಸಿಟ್ಟು ಮಾಡಿಕೊಂಡರೆ ಕಾಯಿಲೆ ಮರುಕಳಿಸಿತೆನ್ನುತ್ತೇವೆ. ಸುಮ್ಮನೆ ಕುಳಿತರೆ ಮತ್ತೆ ಶುರುವಾಯಿತೆನ್ನುತ್ತೇವೆ. ಆಸ್ತಿಯಲ್ಲಿ ತನ್ನ ಪಾಲು ಕೇಳಿದರಂತೂ ಅವನ ತಲೆ ಸರಿಯಿಲ್ಲ ಎಂಬ ಒಂದು ಮಾತಿನಲ್ಲಿ ವಿಷಯ ಮುಗಿದುಹೋಗುತ್ತದೆ.

ಆದ್ದರಿಂದ ಮನೋರೋಗವನ್ನು ಗುರುತಿಸುವುದು ವೈದ್ಯಕೀಯ ಪ್ರಶ್ನೆ ಮಾತ್ರವಾಗಿ ಉಳಿಯುವುದಿಲ್ಲ. ಅದೊಂದು ನೈತಿಕ ಪ್ರಶ್ನೆಯೂ ಹೌದು. ಒಬ್ಬ ಮನುಷ್ಯನ ನೋವಿಗೆ ಹೆಸರಿಡುವ ಅಧಿಕಾರ ಯಾರಿಗಿದೆ? ಹೆಸರಿಟ್ಟ ಮೇಲೆ ನಮ್ಮ ಮೇಲೆ ಬೀಳುವ ಹೊಣೆ ಯಾವುದು?

ಮೊದಲು ವೈದ್ಯರು ಈ ಕೆಲಸವನ್ನು ಹೇಗೆ ಮಾಡುತ್ತಾರೆಂದು ನೋಡೋಣ. ಖಿನ್ನತೆಯನ್ನಾಗಲಿ ಸ್ಕಿಜೋಫ್ರೇನಿಯಾವನ್ನಾಗಲಿ ಖಚಿತವಾಗಿ ತೋರಿಸಿಕೊಡುವ ರಕ್ತ ಪರೀಕ್ಷೆ ಇಂದಿಗೂ ಇಲ್ಲ. ತಲೆಯ ಸ್ಕ್ಯಾನ್ ತೆಗೆದು ಇಗೋ ಇಲ್ಲಿದೆ ರೋಗ ಎಂದು ಬೆರಳಿಟ್ಟು ತೋರಿಸಲಾಗದು. ಮನೋವೈದ್ಯರು ಬರೆಸುವ ಪರೀಕ್ಷೆಗಳು ಹೆಚ್ಚಾಗಿ ಬೇರೆ ಕಾರಣಗಳನ್ನು ಹುಡುಕುವುದಕ್ಕೆ. ಥೈರಾಯ್ಡ್ ಗ್ರಂಥಿಯ ತೊಂದರೆಯಿಂದಲೂ ಮನಸ್ಸು ಕುಗ್ಗಬಹುದು. ಬಿ-12 ಜೀವಸತ್ವದ ಕೊರತೆ, ಮಿದುಳಿನ ಸೋಂಕು, ಮದ್ಯ ಮತ್ತು ಮಾದಕ ವಸ್ತು, ಕೆಲವು ಔಷಧಿಗಳು ಕೂಡಾ ಮನೋರೋಗದಂತೆಯೇ ಕಾಣುವ ಲಕ್ಷಣಗಳನ್ನು ತರಬಲ್ಲವು. ಅವೆಲ್ಲ ಇಲ್ಲವೆಂದಾದ ಮೇಲೆ ವೈದ್ಯರ ಕೈಯಲ್ಲಿ ಉಳಿಯುವ ಮುಖ್ಯ ಸಾಧನ ಮಾತುಕತೆ. ನಿದ್ದೆ ಹೇಗಿದೆ, ಊಟ ಸೇರುತ್ತದೆಯೇ, ಇದು ಯಾವಾಗಿನಿಂದ ಶುರುವಾಯಿತು, ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿತ್ತೇ ಎಂದು ಅವರು ಕೇಳುತ್ತಾರೆ. ಎದುರಿಗಿರುವವರ ವೇಷಭೂಷಣ, ಮಾತಿನ ವೇಗ, ಯೋಚನೆಯ ಜಾಡು, ನೆನಪಿನ ಶಕ್ತಿ, ತನಗೇನಾಗಿದೆ ಎಂಬ ಅರಿವು ಇವನ್ನೆಲ್ಲ ಗಮನಿಸುತ್ತಾರೆ. ಮನೆಯವರ ಮಾತನ್ನೂ ಕೇಳುತ್ತಾರೆ. ಹಾಗಾಗಿ ಮನೋರೋಗದ ನಿರ್ಣಯವೆಂದರೆ ಬಹುಪಾಲು ಕಿವಿಗೊಡುವ ಕೆಲಸ. ಕೇಳುವವರಲ್ಲಿ ತಾಳ್ಮೆ ಇಲ್ಲದಿದ್ದರೆ ನಿರ್ಣಯವೂ ತಪ್ಪುತ್ತದೆ.

ಹೇಳುವವರಿಗೂ ಇದು ಸುಲಭವಲ್ಲ. ನನ್ನ ಮನಸ್ಸು ಕುಗ್ಗಿದೆ ಎಂದು ಬಾಯಿಬಿಟ್ಟು ಹೇಳುವವರು ನಮ್ಮಲ್ಲಿ ಕಡಿಮೆ. ತಲೆಭಾರ, ಎದೆಯಲ್ಲಿ ಉರಿ, ಕೈಕಾಲು ಸೆಳೆತ, ಗ್ಯಾಸ್, ಸುಸ್ತು ಎಂದೇ ಹೇಳುತ್ತಾರೆ. ಇದು ಸುಳ್ಳಲ್ಲ, ನೋವು ನಿಜವಾಗಿಯೂ ಅಲ್ಲಿರುತ್ತದೆ. ಇಂತಹ ಎಷ್ಟೋ ಮಂದಿ ಒಬ್ಬ ಡಾಕ್ಟರಿಂದ ಇನ್ನೊಬ್ಬ ಡಾಕ್ಟರಲ್ಲಿಗೆ ಅಲೆಯುತ್ತಾ, ನಾರ್ಮಲ್ ಎಂದು ಬರೆದ ವರದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ತಿರುಗುತ್ತಾರೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ, ಜೊತೆಗೆ ನಿದ್ದೆ, ಹಸಿವು ಕೆಟ್ಟು, ತಾನು ಯಾವುದಕ್ಕೂ ಬೇಡದವನು ಎಂಬ ಭಾವವೋ ಸಾವಿನ ಯೋಚನೆಯೋ ಕಾಡುತ್ತಿದ್ದರೆ ಅದು ಖಿನ್ನತೆ ಇರಬಹುದೆಂದು ವೈದ್ಯರು ಯೋಚಿಸುತ್ತಾರೆ. ಯಾರೂ ಇಲ್ಲದಿರುವಾಗ ಮಾತುಗಳು ಕೇಳಿಸುವುದು, ಎಲ್ಲರೂ ತನ್ನ ವಿರುದ್ಧ ಸಂಚು ನಡೆಸುತ್ತಿದ್ದಾರೆಂದು ಎಷ್ಟು ತಿಳಿಹೇಳಿದರೂ ಅಲುಗದ ನಂಬಿಕೆ, ಮಾತಿನ ಎಳೆ ತಪ್ಪುವುದು ಇವು ತಿಂಗಳು ಕಳೆದರೂ ಮುಂದುವರಿದರೆ ಸ್ಕಿಜೋಫ್ರೇನಿಯಾ ಇದೆಯೇ ಎಂದು ನೋಡುತ್ತಾರೆ.

ಆದರೆ ಪ್ರತಿಯೊಂದು ದುಃಖವೂ ಕಾಯಿಲೆಯೇ? ಗಂಡನನ್ನು ಕಳೆದುಕೊಂಡವಳು ಊಟ ಬಿಟ್ಟು ಅಳುವುದು ರೋಗವೇ? ಖಂಡಿತ ಅಲ್ಲ. 2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ 11ನೇ ರೋಗಪಟ್ಟಿಯಲ್ಲಿ ದೀರ್ಘಕಾಲದ ಶೋಕಕ್ಕೊಂದು ಸ್ಥಾನವಿದೆ. ಆದರೆ ಕನಿಷ್ಠ ಆರು ತಿಂಗಳು ಕಳೆದಿರಬೇಕು ಮತ್ತು ಆ ಶೋಕ ಆ ವ್ಯಕ್ತಿಯ ಸಮಾಜ, ಸಂಸ್ಕೃತಿ, ಧರ್ಮಗಳ ರೂಢಿಯನ್ನು ಸ್ಪಷ್ಟವಾಗಿ ಮೀರಿರಬೇಕು ಎಂಬ ಷರತ್ತೂ ಅಲ್ಲಿದೆ. ಮೈಮೇಲೆ ಬರುವುದರ ಬಗ್ಗೆಯೂ ಹಾಗೆಯೇ. ಕರಾವಳಿಯಲ್ಲಿ ಕೋಲದಂದು ದೈವದ ಪಾತ್ರಿಯ ಮೈಯಲ್ಲಿ ಆವೇಶ ಬಂದರೆ ಅದನ್ನು ಆ ಪಟ್ಟಿ ರೋಗವೆನ್ನುವುದಿಲ್ಲ. ಸಮುದಾಯವೊಂದು ಒಪ್ಪಿಕೊಂಡ ಆಚರಣೆಯ ಹೊರಗೆ, ವ್ಯಕ್ತಿಯ ಇಚ್ಛೆಗೆ ವಿರುದ್ಧವಾಗಿ ಬಂದು ಅವರ ಬದುಕನ್ನೇ ಕೆಡಿಸಿದಾಗ ಮಾತ್ರ ಅದು ಚಿಕಿತ್ಸೆಯ ವಿಷಯವಾಗುತ್ತದೆ. ನಮಾಝ್‌ಗೆ ಮೊದಲು ವುಝೂ ಮಾಡುವುದು ಭಕ್ತಿ. ಒಂದು ಕಡೆ ನೀರು ತಾಗಿಲ್ಲವೆಂಬ ಸಂಶಯದಿಂದ ಇಪ್ಪತ್ತು ಬಾರಿ ತೊಳೆದು, ನಮಾಝ್‌ನ ಸಮಯವೇ ಮೀರಿ, ಕೈಯ ಚರ್ಮ ಸುಲಿದು, ಬೇಡವೆಂದರೂ ನಿಲ್ಲಿಸಲಾಗದೆ ಅಳುವುದು ಗೀಳು ರೋಗ. ಮಡಿ ಮೈಲಿಗೆಯ ಮನೆಗಳಲ್ಲೂ ಇದೇ ರೋಗ ಬೇರೆ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟು ಕಾಲದಿಂದ, ಎಷ್ಟು ಸಂಕಟ, ಬದುಕಿಗೆ ಎಷ್ಟು ಅಡ್ಡಿ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಯಾರೂ ಗೆರೆ ಎಳೆಯಲಾಗದು.

ಈ ಗೆರೆಯ ಹುಡುಕಾಟ ಹೊಸದೇನಲ್ಲ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸಿನ ಸ್ವಾಸ್ಥ್ಯದ ಕುರಿತು ಬರೆದ ಗ್ರಂಥದಲ್ಲಿ ಸಿಟ್ಟು, ಭಯ, ದುಃಖ ಮತ್ತು ಗೀಳು ಯೋಚನೆಗಳನ್ನು ಬೇರೆ ಬೇರೆಯಾಗಿ ಚರ್ಚಿಸಿದರು. ಕಾರಣ ತಿಳಿದಿರುವ ದುಃಖ ಮತ್ತು ಕಾರಣ ತಿಳಿಯದ ದುಃಖ ಎಂದು ಎರಡು ಬಗೆ ಮಾಡಿ, ಎರಡಕ್ಕೂ ಬೇರೆ ಬೇರೆ ಉಪಾಯ ಹೇಳಿದರು. ಕೈರೋದಲ್ಲಿ 1284ರಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೂ ಜಾಗವಿತ್ತು. ಮನೋರೋಗಿ ಚಿಕಿತ್ಸೆಗೆ ಅರ್ಹನೆಂಬ ತಿಳಿವಳಿಕೆ ಇರುವ ಪರಂಪರೆಯೊಂದು ನಮ್ಮ ಬೆನ್ನಿಗಿದೆ.

ಇಷ್ಟಾಗಿಯೂ ಹೆಸರಿಡುವ ಅಧಿಕಾರ ದುರುಪಯೋಗವಾದ ಚರಿತ್ರೆಯನ್ನು ಮರೆಯಲಾಗದು. 1851ರಲ್ಲಿ ಅಮೆರಿಕದ ವೈದ್ಯ ಸ್ಯಾಮುವೆಲ್ ಕಾರ್ಟ್‌ರೈಟ್, ಯಜಮಾನನಿಂದ ತಪ್ಪಿಸಿಕೊಂಡು ಓಡಿಹೋಗುವ ಕಪ್ಪು ಗುಲಾಮರಿಗೆ ಒಂದು ಮನೋರೋಗವಿದೆಯೆಂದು ಹೇಳಿ ಅದಕ್ಕೊಂದು ಹೆಸರನ್ನೂ ಕೊಟ್ಟ. ಬಿಡುಗಡೆಯ ಆಸೆಯೇ ಅವನ ಕಣ್ಣಿಗೆ ರೋಗವಾಗಿ ಕಂಡಿತು. ಸೋವಿಯತ್ ರಷ್ಯಾದಲ್ಲಿ ಸರಕಾರವನ್ನು ಟೀಕಿಸಿದವರಿಗೆ ಸ್ಕಿಜೋಫ್ರೇನಿಯಾದ ಹಣೆಪಟ್ಟಿ ಹಚ್ಚಿ ಆಸ್ಪತ್ರೆಗಳಲ್ಲಿ ಕೂಡಿಹಾಕಲಾಯಿತು. ನಮ್ಮ ಸುತ್ತಲೂ ಇದರ ಸಣ್ಣ ರೂಪಗಳಿವೆ. ಗಂಡನ ಹೊಡೆತವನ್ನು ಪ್ರಶ್ನಿಸಿದ ಹೆಂಡತಿಯನ್ನು ಹುಚ್ಚಿ ಎಂದು ತವರಿಗೆ ಅಟ್ಟುವ ಮನೆಗಳು ಇಲ್ಲವೆನ್ನಲಾದೀತೇ?

ಇದನ್ನೆಲ್ಲ ಕಂಡ ಕೆಲವರು, ಹಾಗಾದರೆ ಹೆಸರೇ ಬೇಡ, ಮನುಷ್ಯನನ್ನು ಮನುಷ್ಯನಾಗಿ ನೋಡಿದರೆ ಸಾಕು ಎನ್ನುತ್ತಾರೆ. ಮಾತು ಚೆನ್ನಾಗಿದೆ, ಆದರೆ ನಮ್ಮ ಸಮಾಜ ಯಾರನ್ನೂ ಹೆಸರಿಲ್ಲದೆ ಬಿಡುವುದಿಲ್ಲ. ವೈದ್ಯರು ಖಿನ್ನತೆ ಎನ್ನದಿದ್ದರೆ ನೆರೆಹೊರೆಯವರು ಸೋಮಾರಿತನ ಎನ್ನುತ್ತಾರೆ. ಮನೆಯವರು ಕೊಬ್ಬು ಎನ್ನುತ್ತಾರೆ. ಮತ್ತೊಬ್ಬರು ಈಮಾನ್ ಕಡಿಮೆಯಾಯಿತು ಎನ್ನುತ್ತಾರೆ, ಇನ್ನೊಬ್ಬರು ಯಾರೋ ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ. ವೈದ್ಯರ ನಿರ್ಣಯವನ್ನು ಇನ್ನೊಬ್ಬ ವೈದ್ಯರಲ್ಲಿ ಕೇಳಿ ಪರಿಶೀಲಿಸಬಹುದು, ತಪ್ಪಾಗಿದ್ದರೆ ತಿದ್ದಬಹುದು. ಗುಣವಾದಾಗ ಗುಣವಾಯಿತು ಎಂದು ಬರೆಯಬಹುದು. ಸೋಮಾರಿ ಎಂಬ ಹೆಸರನ್ನು ತಿದ್ದುವವರು ಯಾರು? ಮಾಟಕ್ಕೆ ಒಳಗಾದವಳು ಎಂಬ ಹೆಸರಿನಿಂದ ಬಿಡುಗಡೆ ಕೊಡುವ ಪ್ರಮಾಣಪತ್ರ ಎಲ್ಲಿ ಸಿಗುತ್ತದೆ? ಇರುವ ಹೆಸರುಗಳಲ್ಲಿ ಚಿಕಿತ್ಸೆಗೆ ದಾರಿ ತೋರಿಸುವ ಮತ್ತು ತಿದ್ದಲು ಬರುವ ಹೆಸರನ್ನು ನಾವು ಆರಿಸಿಕೊಳ್ಳಬೇಕಾಗಿದೆ.

ತಪ್ಪು ಹೆಸರಿನ ಬೆಲೆ ಎಷ್ಟೆಂದು 2001ರ ಆಗಸ್ಟ್ 6ರ ಮುಂಜಾನೆ ದೇಶ ಕಂಡಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ, ದರ್ಗಾದ ಆಸುಪಾಸಿನಲ್ಲಿ ಖಾಸಗಿಯವರು ನಡೆಸುತ್ತಿದ್ದ ವಸತಿಯೊಂದಕ್ಕೆ ಬೆಂಕಿ ಬಿದ್ದಾಗ 28 ಮಂದಿ ಮನೋರೋಗಿಗಳು ಸತ್ತರು. ಓಡಿಹೋಗಲು ಅವರಿಗೆ ಆಗಲಿಲ್ಲ, ಏಕೆಂದರೆ ಅವರನ್ನು ಸರಪಳಿಯಿಂದ ಕಟ್ಟಲಾಗಿತ್ತು. ಅವರನ್ನು ಅಲ್ಲಿ ಬಿಟ್ಟುಹೋದ ಕುಟುಂಬಗಳನ್ನೆಲ್ಲ ಕಟುಕರು ಎಂದು ಕರೆಯುವುದು ಸುಲಭ. ಆದರೆ ಅಲ್ಲಿಗೆ ಎಲ್ಲ ಧರ್ಮದವರೂ ಬರುತ್ತಿದ್ದರು. ಕೈಗೆಟಕುವ ಆಸ್ಪತ್ರೆಯಿಲ್ಲದೆ, ಮನೆಯಲ್ಲಿ ನೋಡಿಕೊಳ್ಳಲು ಜನವಿಲ್ಲದೆ, ಬೇರೆ ದಾರಿ ಕಾಣದೆ ಬಂದವರೂ ಅವರಲ್ಲಿದ್ದರು. ಆ ಸಾವುಗಳ ಹೊಣೆ ಸರಪಳಿ ಹಾಕಿದವರ ಮೇಲಿರುವಷ್ಟೇ, ಅವರಿಗೆ ಬೇರೆ ದಾರಿ ಇಲ್ಲದಂತೆ ಮಾಡಿದ ವ್ಯವಸ್ಥೆಯ ಮೇಲೂ ಇದೆ.

ಇದರರ್ಥ ಪ್ರಾರ್ಥನೆ ಮತ್ತು ಔಷಧಿ ಒಂದಕ್ಕೊಂದು ವೈರಿಗಳೆಂದಲ್ಲ. ಗುಜರಾತಿನ ಮೆಹಸಾಣಾ ಜಿಲ್ಲೆಯ ಉನಾವಾದಲ್ಲಿರುವ ಮೀರಾ ದಾತಾರ್ ದರ್ಗಾದಲ್ಲಿ ದವಾ-ದುಆ ಎಂಬ ಯೋಜನೆ ನಡೆಯಿತು. ಅಲ್ಲಿನ ಮುಜಾವರರಿಗೆ ಮನೋರೋಗದ ಲಕ್ಷಣಗಳನ್ನು ಗುರುತಿಸಲು ಕಲಿಸಿ, ಬಂದವರಿಗೆ ದುಆ ಮಾಡಿದ ಬಳಿಕ ಪಕ್ಕದ ವೈದ್ಯರಲ್ಲಿಗೆ ಕಳಿಸುವ ಏರ್ಪಾಡು ಮಾಡಲಾಯಿತು. ದುಆ ಮಾಡುವವನು ವೈದ್ಯನಾಗಲು ಹೋಗಲಿಲ್ಲ. ವೈದ್ಯನೂ ದುಆವನ್ನು ಗೇಲಿ ಮಾಡಲಿಲ್ಲ. ತನ್ನ ಮಿತಿಯನ್ನು ಅರಿತವನೇ ಇನ್ನೊಬ್ಬನಿಗೆ ದಾರಿ ತೋರಿಸಬಲ್ಲ.

ನಮ್ಮ ಕಾನೂನು ಕೂಡಾ ಈ ನೈತಿಕ ಪ್ರಶ್ನೆಯನ್ನು ಗಂಭೀರವಾಗಿ ತೆಗೆದುಕೊಂಡಿದೆ. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸರಪಳಿ ಹಾಕುವುದನ್ನು ನಿಷೇಧಿಸಿದೆ. ಅದರ ಮೂರನೆಯ ಸೆಕ್ಷನ್ ಪ್ರತಿಯೊಬ್ಬರೂ ತಿಳಿದಿರಬೇಕಾದದ್ದು. ಚಿಕಿತ್ಸೆಗೆ ನೇರವಾಗಿ ಸಂಬಂಧಿಸಿದ ಅಥವಾ ಆ ಕಾಯ್ದೆಯಲ್ಲೇ ಹೇಳಿರುವ ಕಾರಣಗಳಿಗಲ್ಲದೆ ಯಾರನ್ನೂ ಮನೋರೋಗಿ ಎಂದು ವರ್ಗೀಕರಿಸಬಾರದು. ಒಬ್ಬನ ಜಾತಿ, ಧರ್ಮ, ಅಂತಸ್ತು ನೋಡಿಯೋ, ಅವನು ಊರಿನ ರೀತಿ ರಿವಾಜು, ನಂಬಿಕೆಗಳಿಗೆ ಹೊಂದಿಕೊಳ್ಳುವುದಿಲ್ಲ ಎಂದೋ ಆ ಹೆಸರು ಕೊಡುವಂತಿಲ್ಲ. ಹಿಂದೊಮ್ಮೆ ಆಸ್ಪತ್ರೆಯಲ್ಲಿದ್ದ ಮಾತ್ರಕ್ಕೆ ಇಂದೂ ರೋಗಿ ಎನ್ನುವಂತಿಲ್ಲ. ಮನೋರೋಗವಿದೆ ಎಂದ ಮಾತ್ರಕ್ಕೆ ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದಾಗುವುದಿಲ್ಲ, ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ಅಂದರೆ ಈ ಹೆಸರು ಇರುವುದು ರೋಗಿಯ ಉಪಯೋಗಕ್ಕೆ. ಆಸ್ತಿ ಜಗಳದಲ್ಲಿ, ಮದುವೆ ಮುರಿಯುವ ಮಾತಿನಲ್ಲಿ, ಬೀದಿಯ ಬೈಗುಳದಲ್ಲಿ ಅದನ್ನು ಆಯುಧ ಮಾಡಿಕೊಂಡವರು ರೋಗಿಗೆ ಸೇರಿದ್ದನ್ನು ಕದ್ದವರು.

ಮದುವೆಯ ವಿಷಯದಲ್ಲಿ ಈ ಪ್ರಶ್ನೆ ಬಹಳ ಕಠಿಣವಾಗುತ್ತದೆ. ಮದುವೆಯಾದರೆ ಎಲ್ಲ ಸರಿಹೋಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ಕಾಯಿಲೆಯನ್ನು ಮುಚ್ಚಿಡುತ್ತಾರೆ. ಮಾತ್ರೆ ಕಂಡರೆ ಅತ್ತೆಮನೆಯವರು ಕೇಳುತ್ತಾರೆಂದು ಹುಡುಗಿ ಮಾತ್ರೆ ನಿಲ್ಲಿಸುತ್ತಾಳೆ. ಕೆಲವು ತಿಂಗಳಲ್ಲಿ ಕಾಯಿಲೆ ಮರಳುತ್ತದೆ. ಮೋಸವಾಯಿತು ಎಂದು ಆ ಮನೆಯವರು ಅವಳನ್ನು ವಾಪಸು ಕಳಿಸುತ್ತಾರೆ. ಇಲ್ಲಿ ತಪ್ಪು ಯಾರದು? ಜೀವನ ಹಂಚಿಕೊಳ್ಳುವವರಿಗೆ ಸತ್ಯ ತಿಳಿಯುವ ಹಕ್ಕಿದೆ, ಹೇಳಬೇಕಾದದ್ದು ಕರ್ತವ್ಯವೇ. ಆದರೆ ಸತ್ಯ ಹೇಳಿದವರ ಮನೆಯ ಮೆಟ್ಟಿಲನ್ನೇ ಯಾರೂ ತುಳಿಯದಂತೆ ಮಾಡುವ ಸಮಾಜಕ್ಕೆ ಸುಳ್ಳಿನ ಬಗ್ಗೆ ದೂರುವ ಯೋಗ್ಯತೆ ಎಷ್ಟಿದೆ? ಔಷಧಿ ತೆಗೆದುಕೊಳ್ಳುತ್ತಾ ಸಂಸಾರ, ಉದ್ಯೋಗ ನಡೆಸುತ್ತಿರುವವರು ನಮ್ಮ ನಡುವೆಯೇ ಇದ್ದಾರೆ. ನಮಗೆ ಗೊತ್ತಿಲ್ಲ, ಏಕೆಂದರೆ ನಮಗೆ ಹೇಳುವ ಧೈರ್ಯ ಅವರಿಗಿಲ್ಲ. ಆ ಧೈರ್ಯ ಬರುವಂತೆ ನಡೆದುಕೊಳ್ಳುವ ಹೊಣೆ ಕೇಳುವವರಾದ ನಮ್ಮದು.

ಈ ಹೊಣೆ ಸಣ್ಣದಲ್ಲ. 2015-16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಹೆಚ್ಚು ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆ ಇರುವುದು ಕಂಡುಬಂತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ಚಿಕಿತ್ಸೆಗೆ ದೊಡ್ಡ ಊರೇ ಬೇಕೆಂದೇನಿಲ್ಲ ಎಂಬುದನ್ನು 1980ರ ದಶಕದಲ್ಲಿ ನಮ್ಮದೇ ಬಳ್ಳಾರಿ ಜಿಲ್ಲೆ ತೋರಿಸಿಕೊಟ್ಟಿತು. ನಿಮ್ಹಾನ್ಸ್‌ನ ವೈದ್ಯರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸಿ ಔಷಧಿ ಕೊಡಲು ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಿಂದ 14416 ಎಂಬ ಟೆಲಿ ಮಾನಸ್ ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ವೈದ್ಯರು ಕಾಯಿಲೆಗೆ ಹೆಸರಿಟ್ಟ ಮೇಲೆ ಅವರ ಕೆಲಸದ ಒಂದು ಭಾಗ ಮುಗಿಯುತ್ತದೆ, ನಮ್ಮದು ಅಲ್ಲಿಂದ ಶುರುವಾಗುತ್ತದೆ. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುವಷ್ಟೇ ಸಹಜವಾಗಿ, ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯವೇನು ಎಂದೂ ಅವರನ್ನು ಕೇಳಬೇಕು. ಸಿಟ್ಟು ಬಂದಾಗ, ಸಿಟ್ಟಿಗೆ ನ್ಯಾಯವಾದ ಕಾರಣ ಇರಬಹುದೇ ಎಂದು ಯೋಚಿಸಬೇಕು. ಕಾಯಿಲೆಯ ಹೆಸರು ಔಷಧಿ ಚೀಟಿಯಲ್ಲಿರಲಿ. ನಾವು ಆ ಮನುಷ್ಯನನ್ನು ಅವನ ತಂದೆ ತಾಯಿ ಇಟ್ಟ ಹೆಸರಿನಿಂದಲೇ ಕರೆಯೋಣ.