‘ಆದ್ರೂ’ ಎಂಬ ಮಾತು

ಅಣ್ಣನ ಮಗಳನ್ನು ನೋಡಲು ಬಂದವರು ಉಪ್ಪಿಟ್ಟು, ಕೇಸರಿಬಾತ್ ಮುಗಿಸಿ ಕೈ ತೊಳೆದರು. ಹುಡುಗನ ದೊಡ್ಡಮ್ಮ ನನ್ನ ಅತ್ತಿಗೆಯ ಕಡೆ ತಿರುಗಿ, “ಹುಡುಗಿ ಬಣ್ಣ ಸ್ವಲ್ಪ ಕಮ್ಮಿ. ಆದ್ರೂ ಲಕ್ಷಣವಾಗಿದ್ದಾಳೆ ಬಿಡಿ” ಅಂದರು. ಒಳ್ಳೆಯ ಮನಸ್ಸಿನಿಂದಲೇ ಬಂದ ಮಾತು. ಅತ್ತಿಗೆಗೆ ಉಸಿರು ಬಂದಂತಾಯಿತು, ಸಂಬಂಧವೂ ಕೂಡಿತು. ಖಾಲಿ ಲೋಟಗಳ ತಟ್ಟೆ ಹಿಡಿದು ಒಳಗೆ ಹೋಗುತ್ತಿದ್ದ ಹುಡುಗಿ ಮಾತ್ರ ಹೊಸಿಲ ಬಳಿ ಅರೆಗಳಿಗೆ ನಿಂತಳು. ಅವಳ ತಲೆಯ ಮೇಲೆ ಗೋಡೆಯಲ್ಲಿ ಮರಿಯಮ್ಮನವರ ಪಟ: ಹಾಲಿನಂಥ ಮುಖ, ನೀಲಿ ಸೆರಗು. ನಜರೇತಿನ ಬಿಸಿಲಿನಲ್ಲಿ ನೀರು ಹೊತ್ತು ಬೆಳೆದ ಹೆಣ್ಣುಮಗಳಿಗೆ ಆ ಬಣ್ಣ ಎಲ್ಲಿಂದ ಬಂದೀತು ಎಂದು ನಮ್ಮ ಮನೆಯಲ್ಲಿ ಯಾರೂ ಇದುವರೆಗೆ ಕೇಳಿಲ್ಲ.

ಆ ‘ಆದ್ರೂ’ ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ಅದೇ ಮಾತು ನಮ್ಮ ಬೈಬಲಿನೊಳಗೂ ಬಂದು ಕೂತಿದೆ.

ಪರಮಗೀತೆಯ ಮೊದಲನೇ ಅಧ್ಯಾಯದ 5ನೇ ವಚನದಲ್ಲಿ ಹುಡುಗಿಯೊಬ್ಬಳು ಜೆರುಸಲೇಮಿನ ಹೆಂಗಳೆಯರ ಎದುರು ತನ್ನ ಬಣ್ಣದ ಮಾತೆತ್ತುತ್ತಾಳೆ. ಹೀಬ್ರೂ ಮೂಲದಲ್ಲಿ ಕಪ್ಪು ಎಂಬುದಕ್ಕೂ ಚೆಲುವೆ ಎಂಬುದಕ್ಕೂ ಕೊಂಡಿ ಒಂದೇ ಅಕ್ಷರ. ಬಹುಮಟ್ಟಿಗೆ ನಮ್ಮ ‘ಊ’ ಇದ್ದ ಹಾಗೆ: ಕಪ್ಪೂ ಹೌದು, ಚೆಲುವೆಯೂ ಹೌದು. ಸಂದರ್ಭ ಬಂದರೆ ‘ಆದರೆ’ ಎಂದು ಓದುವುದಕ್ಕೂ ಅವಕಾಶವಿದೆ. ಹಳೆಯ ಗ್ರೀಕ್ ಅನುವಾದದವರು ಅದನ್ನು ‘ಮತ್ತು’ ಎಂದೇ ಇಟ್ಟುಕೊಂಡರು. ನಾಲ್ಕನೇ ಶತಮಾನದ ಕೊನೆಯಲ್ಲಿ ಬೆತ್ಲೆಹೇಮಿನಲ್ಲಿ ಕೂತು ಲ್ಯಾಟಿನ್‌ಗೆ ತಂದ ಸಂತ ಜೆರೋಮ್ ‘ಆದರೆ’ ಎಂದರು. ಸಾವಿರ ವರ್ಷಕ್ಕೂ ಮಿಕ್ಕಿ ಪಶ್ಚಿಮದ ಧರ್ಮಸಭೆ ಓದಿದ್ದು ಆ ಲ್ಯಾಟಿನನ್ನೇ. ಈಗೀಗ, 1989ರ ಒಂದು ಇಂಗ್ಲಿಷ್ ಬೈಬಲಿನಂಥವು ಮತ್ತೆ ‘ಮತ್ತು’ಗೆ ಮರಳಿವೆ. ಒಂದು ಅಕ್ಷರದ ವಿಷಯ ಅನ್ನಿಸಬಹುದು. ಹೊಸಿಲ ಬಳಿ ನಿಂತವಳಿಗೆ ಅದು ಅಷ್ಟು ಸಣ್ಣದಲ್ಲ.

ಮುಂದಿನ ವಚನ ನನಗೆ ಇನ್ನೂ ಹತ್ತಿರದ್ದು. ನನ್ನನ್ನು ಹಾಗೆ ದಿಟ್ಟಿಸಬೇಡಿ ಎನ್ನುತ್ತಾಳೆ ಅವಳು. ಅಣ್ಣಂದಿರು ದ್ರಾಕ್ಷಿತೋಟ ಕಾಯಲು ಹಾಕಿದರು, ಬಿಸಿಲು ಮೈಗೆ ಹತ್ತಿತು ಎಂದು ಲೆಕ್ಕ ಒಪ್ಪಿಸುತ್ತಾಳೆ. ಅವಳ ಬಣ್ಣ ಅವಳ ದುಡಿಮೆಯ ಗುರುತು. ಅದೇ ಪುಸ್ತಕ ಮುಂದೆ ಅವಳ ಕಣ್ಣು, ಕೂದಲು, ಕತ್ತು, ಪಾದ ಒಂದೊಂದನ್ನೂ ಹೊಗಳುತ್ತದೆ. ದೇಹದ ಚೆಲುವನ್ನು ಇಷ್ಟು ಬಾಯ್ತುಂಬ ಕೊಂಡಾಡುವ ಪುಸ್ತಕವನ್ನು ಹಿರಿಯರು ಧರ್ಮಗ್ರಂಥದೊಳಗೇ ಉಳಿಸಿಕೊಂಡರು. ಆದ್ದರಿಂದ ಕ್ರೈಸ್ತ ವಿಶ್ವಾಸಕ್ಕೂ ದೇಹಸೌಂದರ್ಯಕ್ಕೂ ಆಗಿಬರುವುದಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಪೆರುವಿನ ಸಂತ ರೋಸ್ ತನ್ನ ಚೆಲುವು ಕೆಡಲೆಂದು ಮುಖಕ್ಕೆ ಮೆಣಸು ತಿಕ್ಕಿಕೊಂಡಳು ಎಂದು ಅವಳ ಚರಿತ್ರೆ ಬರೆದವರು ಹೇಳುತ್ತಾರೆ. ಅವಳು ಬಡವರಿಗೆ, ರೋಗಿಗಳಿಗೆ ಮಾಡಿದ ಸೇವೆಗೆ ಕೈಮುಗಿಯುತ್ತೇನೆ, ಆ ಮೆಣಸಿಗೆ ಮುಗಿಯಲಾರೆ. ಪೇತ್ರನ ಮೊದಲ ಪತ್ರ ಜಡೆ, ಚಿನ್ನ, ಉಡುಪಿನ ಮೋಹ ಬೇಡ, ಒಳಗಿನ ಸೌಮ್ಯತೆ ಇರಲಿ ಎನ್ನುತ್ತದೆ. ದೇವರು ಕೊಟ್ಟ ಚರ್ಮದ ಬಗ್ಗೆ ಅಲ್ಲಿ ಒಂದು ಸೊಲ್ಲೂ ಇಲ್ಲ. ಆ ಪತ್ರವನ್ನು ಹೆಣ್ಣುಮಕ್ಕಳಿಗೆ ಓದಿ ಹೇಳುವ ನಾವೇ ವಧು ಬೇಕಾಗಿದ್ದಾಳೆ ಎಂಬ ಜಾಹೀರಾತಿನಲ್ಲಿ ‘ಬೆಳ್ಳಗಿನ’ ಎಂದು ಬರೆಸುತ್ತೇವೆ. ಇದು ನನಗೆ ನೋವಿನ ಸಂಗತಿ.

ಜ್ಞಾನೋಕ್ತಿಗಳ 31ನೇ ಅಧ್ಯಾಯದಲ್ಲೂ ಒಬ್ಬ ತಾಯಿ ಇದ್ದಾಳೆ. ಅಧ್ಯಾಯ ಶುರುವಾಗುವುದೇ ರಾಜ ಲೆಮೂವೇಲನಿಗೆ ಅವನ ತಾಯಿ ಹೇಳಿದ ಬುದ್ಧಿಮಾತಿನಿಂದ. ಅದರ ಕೊನೆಯ 22 ವಚನಗಳು ಎಂಥ ಹೆಂಡತಿ ಸಿಗಬೇಕು ಎಂಬ ಪದ್ಯ. ಹೀಬ್ರೂ ವರ್ಣಮಾಲೆಯ 22 ಅಕ್ಷರಗಳಿಗೆ ಒಂದೊಂದು ವಚನ. ಅದನ್ನೂ ಆ ತಾಯಿಯ ಮಾತೆಂದೇ ಓದುವುದು ನನಗಿಷ್ಟ. ಮಗನಿಗೆ ಹೆಣ್ಣು ನೋಡಲು ಹೊರಟವಳು ಹುಡುಗಿಯ ಬಣ್ಣ ಹೇಳುವುದಿಲ್ಲ, ಮೂಗು ಹೇಳುವುದಿಲ್ಲ. ಮತ್ತೆ ಮತ್ತೆ ಅವಳ ಕೈ ನೋಡುತ್ತಾಳೆ. ಆ ಕೈ ನೂಲು ತೆಗೆಯುತ್ತದೆ, ಬಡವರ ಕಡೆಗೆ ಚಾಚುತ್ತದೆ. ಹೊಲ ನೋಡಿ ಕೊಳ್ಳುವವಳೂ ಅವಳೇ, ಸ್ವಂತ ಸಂಪಾದನೆಯಲ್ಲಿ ದ್ರಾಕ್ಷಿತೋಟ ಹಾಕುವವಳೂ ಅವಳೇ. ಇಲ್ಲೂ ದ್ರಾಕ್ಷಿತೋಟ. ಇವಳಿಗೂ ಬಿಸಿಲು ಹತ್ತಿರಲೇಬೇಕು.

ಕನ್ನಡ ಬೈಬಲು ಅವಳನ್ನು ‘ಗುಣವತಿ’ ಎನ್ನುತ್ತದೆ. ಒಳ್ಳೆಯ ಶಬ್ದವೇ, ಆದರೆ ನಮ್ಮ ಕಿವಿಗೆ ಅದು ತಲೆ ತಗ್ಗಿಸಿ ನಿಂತವಳಂತೆ ಕೇಳುತ್ತದೆ. ಮೂಲದಲ್ಲಿರುವ ‘ಹಯಿಲ್’ ಬಲವನ್ನೂ ಸೈನ್ಯವನ್ನೂ ಹೇಳುವ ಶಬ್ದ. ಗಿದ್ಯೋನನಿಗೆ ಹೇಳುವಾಗ ಅದೇ ಶಬ್ದ ಪರಾಕ್ರಮವಾಗುತ್ತದೆ. ಇಲ್ಲಿ ಜೆರೋಮ್ ಸರಿಯಾಗಿಯೇ ಹಿಡಿದಿದ್ದರು: ಅವರ ಲ್ಯಾಟಿನ್‌ನಲ್ಲಿ ಅವಳು ಗಟ್ಟಿ ಹೆಣ್ಣು. ಇನ್ನು ಸೌಂದರ್ಯ ನಿಲ್ಲದು ಎನ್ನುವ 30ನೇ ವಚನ. ಅಲ್ಲಿನ ಹೀಬ್ರೂ ಶಬ್ದದ ಅರ್ಥ ಉಸಿರು, ಆವಿ. ಚಳಿಗಾಲದ ಬೆಳಿಗ್ಗೆ ಬಾಯಿಂದ ಹೊರಟು ಕಣ್ಣೆದುರೇ ಕರಗುತ್ತದಲ್ಲ, ಅದು. ಅದನ್ನು ಕೆಟ್ಟದ್ದು ಎಂದು ಯಾರೂ ಅನ್ನಲಿಲ್ಲ.

ಹೋದ ತಿಂಗಳು ಮದುವೆಯಾಯಿತು. ಪೂಜೆಯಲ್ಲಿ ಮೊದಲನೇ ವಾಚನ ಇದೇ ಅಧ್ಯಾಯದ್ದು. ಮದುವೆಗೆ ಗೊತ್ತುಮಾಡಿರುವ ವಾಚನಗಳಲ್ಲಿ ಇದೂ ಒಂದು. ಮೂರು ವರ್ಷಕ್ಕೊಮ್ಮೆ ಸಾಮಾನ್ಯ ಕಾಲದ 33ನೇ ಭಾನುವಾರವೂ ಬರುತ್ತದೆ. ಆದರೆ ಓದುವುದು 22ರಲ್ಲಿ ಎಂಟೇ ವಚನ. 13ರಿಂದ ನೇರ 19ಕ್ಕೆ ಹಾರುತ್ತದೆ, 20ರಿಂದ 30ಕ್ಕೆ. ನಡುವೆ ಹೊಲವೂ ಹೋಯಿತು, ತೋಟವೂ ಹೋಯಿತು, ವ್ಯಾಪಾರವೂ ಹೋಯಿತು. ನಾಳೆಯ ದಿನಗಳನ್ನು ನೆನೆದು ಅವಳು ನಗುವ 25ನೇ ವಚನವೂ, ನಡು ಬಿಗಿದು ತೋಳು ಗಟ್ಟಿಮಾಡಿಕೊಳ್ಳುವ 17ನೆಯದೂ ಹೋದವು. ನಾನು ಪುಸ್ತಕ ತೆರೆದುಕೊಂಡು ಬಿಟ್ಟ ವಚನಗಳನ್ನು ಮನಸ್ಸಿನಲ್ಲೇ ಓದಿಕೊಂಡೆ.

ನಮ್ಮ ಹುಡುಗಿ ನರ್ಸ್. ತನಗಿಂತ ಎರಡು ಪಟ್ಟು ತೂಗುವ ರೋಗಿಯನ್ನು ಒಬ್ಬಳೇ ಮಗ್ಗುಲು ಬದಲಿಸಿ ಮಲಗಿಸುತ್ತಾಳೆ. ಬ್ಯೂಟಿಷಿಯನ್ ನಾಲ್ಕು ಗಂಟೆ ಕೂತು ಅವಳ ಮುಖವನ್ನು ಆ ಪಟದ ಬಣ್ಣಕ್ಕೆ ತಂದಿದ್ದಳು. ಉಂಗುರ ತೊಡಿಸುವ ಹೊತ್ತು ಬಂತು. ಫಾದರ್ ಉಂಗುರಗಳನ್ನು ಆಶೀರ್ವದಿಸಿದರು, ಹುಡುಗ ಕೈ ನೀಡಿದ. ಬಿಳಿ ಸೀರೆಯ ಸೆರಗು ಸರಿಸಿ ಅವಳು ಮುಂದೆ ಚಾಚಿದ ಕೈ ಅವಳದೇ ಬಣ್ಣದ್ದು. ಹೆಬ್ಬೆರಳ ಬುಡದಲ್ಲಿ ಆಸ್ಪತ್ರೆಯ ಸ್ಟೆರಿಲೈಸರ್ ತಾಗಿ ಸುಟ್ಟ ಹಳೆಯ ಗುರುತು ಹಾಗೇ ಇತ್ತು. ಹುಡುಗ ಒಂದು ಗಳಿಗೆ ಆ ಗುರುತನ್ನೇ ನೋಡಿದ, ಆಮೇಲೆ ಉಂಗುರ ಹಾಕಿದ.